ಅದೇ ಹತ್ತಿ ಸೀರೆ ಕಲಬುರಗಿಯಲ್ಲಿ ತಂಪು, ಮಂಗಳೂರಿನಲ್ಲಿ ಸೆಕೆ ಏಕೆ?

ಪ್ರಶ್ನೆ: ನಾನು 36 ವರ್ಷದ ಕಾಲೇಜು ಉಪನ್ಯಾಸಕಿ. ಹುಟ್ಟಿ ಬೆಳೆದದ್ದು, ಹನ್ನೊಂದು ವರ್ಷ ಪಾಠ ಮಾಡಿದ್ದು ಎಲ್ಲವೂ ಕಲಬುರಗಿಯಲ್ಲಿ. ಕಳೆದ ವರ್ಷ ಮಂಗಳೂರಿಗೆ ವರ್ಗವಾಯಿತು. ಊರಿನಲ್ಲಿ 42 ಡಿಗ್ರಿ ಬಿಸಿಲಿನಲ್ಲೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆಯಲ್ಲಿ ಆರಾಮವಾಗಿದ್ದೆ. ಇಲ್ಲಿ 34 ಡಿಗ್ರಿ ಇದ್ದರೂ ಅದೇ ಸೀರೆ ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಮೈಗೆ ಅಂಟಿಕೊಂಡು, ನೆರಿಗೆ ಕುಸಿದು, ರವಿಕೆಯ ತುಂಬ ಬೆವರಿನ ಗುರುತು ಬೀಳುತ್ತದೆ. ಸೀರೆಯನ್ನೇ ಬಿಡಬೇಕೇನೋ ಎನಿಸಿದೆ. ಲಿನನ್ ಕೊಳ್ಳಿ ಎಂದು ಅಂಗಡಿಯವರು, ರೇಯಾನ್ ಕುರ್ತಾ ಸಾಕು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಮೆಚ್ಚಿನ ಕಪ್ಪು, ಕಡುನೀಲಿ ಬಣ್ಣಗಳನ್ನು ಬೇಸಿಗೆಯಲ್ಲಿ ಮುಟ್ಟಲೇಬಾರದಂತೆ. ಮೇ ತಿಂಗಳ ರಜೆಗೂ ದಸರೆಗೂ ಕಲಬುರಗಿಗೆ ಹೋಗುತ್ತೇನೆ. ಬೇಸಿಗೆಯಿಂದ ನವರಾತ್ರಿಯವರೆಗೆ ಎರಡೂ ಊರಿಗೆ ಒಗ್ಗುವಂತೆ, ನೋಡಲೂ ಚೆಂದವಿರುವಂತೆ ಉಡುಪುಗಳನ್ನು ಹೇಗೆ ಹೊಂದಿಸಿಕೊಳ್ಳಲಿ? ಎಲ್ಲವನ್ನೂ ಹೊಸದಾಗಿ ಕೊಳ್ಳುವಷ್ಟು ಹಣ ಇಲ್ಲ.

ಉತ್ತರ: ನೀವು ಸೀರೆಯನ್ನು ಬಿಡುವ ಅಗತ್ಯವಿಲ್ಲ, ಕಪ್ಪು, ಕಡುನೀಲಿಗಳನ್ನೂ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಗಂಜಿಯನ್ನು ಮತ್ತು ರವಿಕೆಯ ಒಳಗಿರುವ ಅಸ್ತರನ್ನು. ಕರಾವಳಿಗೆ ವರ್ಗವಾಗಿ ಬರುವ ಬಯಲುಸೀಮೆಯವರು ನನ್ನ ಬಳಿ ಹೇಳಿಕೊಳ್ಳುವ ತೊಂದರೆ ಹೆಚ್ಚುಕಡಿಮೆ ಇದೇ ಆಗಿರುತ್ತದೆ. ತಮ್ಮ ಆಯ್ಕೆಯೇ ತಪ್ಪಾಯಿತೆಂದು ಅವರು ಕೊರಗುತ್ತಾರೆ. ಆದರೆ ಬದಲಾದದ್ದು ಹವೆ, ಮತ್ತು ಆ ಹವೆಯಲ್ಲಿ ಬಟ್ಟೆ ಮಾಡಬೇಕಾದ ಕೆಲಸ.

ಬೆವರು ಮೈಯನ್ನು ತಂಪಾಗಿಸುವುದು ಆರಿಹೋಗುವಾಗ ಮಾತ್ರ. ಒಂದು ಗ್ರಾಂ ಬೆವರು ಆರಲು ಸುಮಾರು 580 ಕ್ಯಾಲರಿ ಶಾಖ ಬೇಕು, ಆ ಶಾಖವನ್ನು ಅದು ಚರ್ಮದಿಂದ ಪಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ಗಾಳಿಯ ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿಯುವುದು ಸಾಮಾನ್ಯವಾದ್ದರಿಂದ ಅಲ್ಲಿ ಬೆವರು ನಿಮ್ಮ ಗಮನಕ್ಕೆ ಬರುವ ಮೊದಲೇ ಆರಿರುತ್ತದೆ. ಮಂಗಳೂರಿನಲ್ಲಿ ಅದೇ ಹೊತ್ತಿಗೆ ಆರ್ದ್ರತೆ ಶೇ 60ಕ್ಕಿಂತ ಮೇಲಿರುತ್ತದೆ. ಆಗಲೇ ನೀರು ಹೊತ್ತಿರುವ ಗಾಳಿ ನಿಮ್ಮ ಬೆವರನ್ನು ಬೇಗ ತೆಗೆದುಕೊಳ್ಳುವುದಿಲ್ಲ. ಇದರ ಜೊತೆಗೆ ಇನ್ನೊಂದು ವ್ಯತ್ಯಾಸವಿದೆ. ಚರ್ಮದ ಉಷ್ಣಾಂಶ ಸುಮಾರು 34 ಡಿಗ್ರಿ. ಕಲಬುರಗಿಯ 42 ಡಿಗ್ರಿಯಲ್ಲಿ ಹೊರಗಿನ ಗಾಳಿಯೇ ಮೈಗೆ ಶಾಖ ಕೊಡುತ್ತದೆಯಾದ್ದರಿಂದ ಅಲ್ಲಿ ಬಟ್ಟೆಯು ಮಣ್ಣಿನ ಗೋಡೆಯಂತೆ ಬಿಸಿಯನ್ನು ತಡೆಯಬೇಕು, ಮೈಯನ್ನು ಮುಚ್ಚಬೇಕು. ಮಂಗಳೂರಿನಲ್ಲಿ ತಡೆಯಬೇಕಾದಷ್ಟು ಬಿಸಿ ಗಾಳಿಯಲ್ಲಿಲ್ಲ. ಅಲ್ಲಿ ಬಟ್ಟೆಯು ಕಿಟಕಿಯಂತೆ ಗಾಳಿಯನ್ನು ಒಳಗೆ ಬಿಡಬೇಕು. ಒಂದೇ ಸೀರೆ ಒಂದು ಊರಿನಲ್ಲಿ ಹಿತವಾಗಿ ಇನ್ನೊಂದರಲ್ಲಿ ಹಿಂಸೆಯಾಗುವುದು ಈ ಕಾರಣಕ್ಕೆ. ಬೇಸಿಗೆಯಲ್ಲಿ ಬಟ್ಟೆ ಕಡಿಮೆಯಾದಷ್ಟೂ ತಂಪು ಎಂಬ ಮಾತು ಕರಾವಳಿಯಲ್ಲಿ ಒಂದು ಮಟ್ಟಿಗೆ ನಿಜವಾದರೂ ಕಲಬುರಗಿಯ ಮೇ ತಿಂಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಹೊಲಕ್ಕೆ ಹೋಗುವ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ತೋಳು ಮುಚ್ಚಿಕೊಳ್ಳುವುದರ ಹಿಂದೆ ಸರಿಯಾದ ಲೆಕ್ಕವಿದೆ.

ಗಂಜಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ತೊಂದರೆಯ ಅರ್ಧ ಭಾಗ ಅಲ್ಲಿದೆ. ಒಣ ಹವೆಯಲ್ಲಿ ಗಂಜಿ ಹಾಕಿದ ಸೀರೆ ಸೆಟೆದು ಮೈಯಿಂದ ದೂರ ನಿಲ್ಲುತ್ತದೆ. ಚರ್ಮಕ್ಕೂ ಬಟ್ಟೆಗೂ ನಡುವೆ ಉಳಿಯುವ ಆ ಗಾಳಿಯ ಪದರವೇ ನಿಮಗೆ ತಂಪೆನಿಸಿದ್ದು. ಅಕ್ಕಿಯ ಗಂಜಿಯಾಗಲಿ, ಮೈದಾ ಇಲ್ಲವೇ ಸಬ್ಬಕ್ಕಿಯ ಗಂಜಿಯಾಗಲಿ, ಎಲ್ಲವೂ ಪಿಷ್ಟ. ತೇವದ ಗಾಳಿಯಲ್ಲಿ ಪಿಷ್ಟವು ನೀರನ್ನು ಹೀರಿ ಮೆದುವಾಗಿ ಅಂಟಂಟಾಗುತ್ತದೆ, ನೂಲುಗಳ ನಡುವಿನ ಸಣ್ಣ ಕಂಡಿಗಳನ್ನೂ ಮುಚ್ಚುತ್ತದೆ. ಬೆಳಿಗ್ಗೆ ಎಂಟಕ್ಕೆ ಸೆಟೆದು ನಿಂತಿದ್ದ ನೆರಿಗೆ ಹತ್ತೂವರೆಗೆ ಕುಸಿಯುವುದು, ಕುಸಿದ ಬಟ್ಟೆ ಕಾಲಿಗೆ ಅಂಟುವುದು ಇದರಿಂದಲೇ. ಗಂಜಿ ಉಳಿದ ಬಟ್ಟೆಯನ್ನು ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟರೆ ಬೂಷ್ಟು ಹಿಡಿಯುವುದೂ ಬೇಗ. ಆದ್ದರಿಂದ ಈಗಿರುವ ಸೀರೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ನೆನೆಸಿ ಜಾಲಿಸಿ ಗಂಜಿಯನ್ನು ಪೂರ್ತಿ ಬಿಡಿಸಿರಿ. ಕಲಬುರಗಿಗೆ ಹೊರಡುವ ಮುನ್ನ ಬೇಕಾದ ಒಂದೆರಡಕ್ಕೆ ಮಾತ್ರ ಮತ್ತೆ ಗಂಜಿ ಹಾಕಿಕೊಂಡರೆ ಸಾಕು.

ಹತ್ತಿಯೆಂದರೆ ತಂಪು ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ನೂಲಿನ ಪರೀಕ್ಷೆಗೆ ಬಳಸುವ ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇ 8.5ರಷ್ಟು ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ರೇಷ್ಮೆಯದು ಶೇ 11, ಲಿನನ್ನಿನದು ಶೇ 12, ರೇಯಾನಿನದು ಶೇ 13ರ ಆಸುಪಾಸು, ಪಾಲಿಯೆಸ್ಟರಿನದು ಶೇ 0.4 ಮಾತ್ರ. ಹತ್ತಿ ಬೆವರನ್ನು ಚೆನ್ನಾಗಿ ಹೀರುತ್ತದೆ, ಆದರೆ ಹೀರಿದ್ದನ್ನು ಸುಲಭವಾಗಿ ಬಿಡುವುದಿಲ್ಲ. ಬಟ್ಟೆ ದಪ್ಪವಿದ್ದಷ್ಟೂ ಬಿಡುವುದು ನಿಧಾನ. ಹಾಗಾಗಿ ಕರಾವಳಿಯಲ್ಲಿ ‘ಪ್ಯೂರ್ ಕಾಟನ್’ ಎಂಬ ಚೀಟಿಗಿಂತ ಬಟ್ಟೆಯ ತೂಕವೂ ನೇಯ್ಗೆಯ ಸಡಿಲವೂ ಹೆಚ್ಚು ಮುಖ್ಯ. ಒಂದು ಸುಲಭದ ಕೆಲಸ ಮಾಡಿ: ನಿಮ್ಮ ಸೀರೆಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿರಿ. ಐದೂವರೆ ಮೀಟರಿನ ಮಲ್ (ತೆಳುವಾದ, ಮೆತ್ತನೆಯ ಹತ್ತಿ) ಸೀರೆ ಸುಮಾರು 450 ಗ್ರಾಂ ತೂಗುತ್ತದೆ. 650 ಗ್ರಾಮಿನ ಮೇಲಿರುವುದು ಮಂಗಳೂರಿನ ಏಪ್ರಿಲ್‌ಗೆ ಭಾರ. ತೂಗಿದ ಮೇಲೆ ಸೀರೆಯ ಒಂದು ಪದರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೂಲುಗಳ ನಡುವೆ ಚುಕ್ಕೆ ಚುಕ್ಕೆಯಾಗಿ ಬೆಳಕು ಸಮನಾಗಿ ಬಂದರೆ ಅಲ್ಲಿ ಗಾಳಿಯೂ ಬರುತ್ತದೆ. ಈ ಎರಡು ಪರೀಕ್ಷೆಯಲ್ಲಿ ಗೆದ್ದವು ಇಲ್ಲಿಯ ಕಪಾಟಿನಲ್ಲಿರಲಿ, ಉಳಿದವು ಊರಿಗೆ ಹೋಗಲಿ.

ಹೊಸದಾಗಿ ಒಂದೇ ಸೀರೆ ಕೊಳ್ಳುವುದಾದರೆ ದೂರ ಹುಡುಕಬೇಕಾಗಿಲ್ಲ. ನೀವಿರುವ ಜಿಲ್ಲೆಯಲ್ಲೇ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ, ಉಡುಪಿ ಸೀರೆ ನೇಯುತ್ತಾರೆ. ತೆಳುವಾದ ಹತ್ತಿ ನೂಲು, ಹಗುರ ಮೈ, ತೆಳು ಅಂಚು, ಸಣ್ಣ ಚೌಕುಳಿ ಅಥವಾ ಬುಟ್ಟಾ. ಈ ಪ್ರದೇಶದ್ದೇ ಎಂಬ ಭೌಗೋಳಿಕ ಸೂಚಿಕೆ (ಜಿಐ) ಪಡೆದಿರುವ ಈ ಸೀರೆ ಇದೇ ಹವೆಯಲ್ಲಿ ಉಡುವವರಿಗಾಗಿಯೇ ರೂಪುಗೊಂಡದ್ದು. ಎರಡು ಮೂರು ಒಗೆತದ ನಂತರ ಅದು ಇನ್ನಷ್ಟು ಮೆದುವಾಗುತ್ತದೆ. ನೇಕಾರರ ಸಂಖ್ಯೆ ತೀರ ಇಳಿದು ಮತ್ತೆ ಚೇತರಿಸಿಕೊಳ್ಳುತ್ತಿರುವ ನೇಯ್ಗೆ ಇದು ಎಂಬ ಕಾರಣಕ್ಕೂ ನಾನು ಇದನ್ನು ಆಸೆಯಿಂದ ಹೇಳುತ್ತಿದ್ದೇನೆ.

ಲಿನನ್ ಬಗ್ಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಅಗಸೆ ನಾರಿನ ಈ ಬಟ್ಟೆ ಸ್ವಲ್ಪ ಗಡುಸಾದ್ದರಿಂದ ಗಂಜಿಯಿಲ್ಲದೆಯೂ ಮೈಯಿಂದ ದೂರ ನಿಲ್ಲುತ್ತದೆ, ಬೇಗ ಆರುತ್ತದೆ. ಆದರೆ ಮುದುಡುವುದು ಅದರ ಸ್ವಭಾವ, ಬೆಲೆಯೂ ಹೆಚ್ಚು, ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿ ಇಸ್ತ್ರಿ ಮಾಡಿದರೆ ಆ ಗೆರೆಯಲ್ಲೇ ನಾರು ಸೀಳುತ್ತದೆ. ಹೆಸರು ಮಾತ್ರ ಲಿನನ್ ಆಗಿದ್ದು ಒಳಗೆ ಪಾಲಿಯೆಸ್ಟರ್ ಬೆರೆತಿರುವ ಬಟ್ಟೆಯೂ ಮಾರುಕಟ್ಟೆಯಲ್ಲಿ ಸಾಕಷ್ಟಿದೆ. ಅಂಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಿದರೆ ತಿಳಿಯುತ್ತದೆ: ಹತ್ತಿ, ಲಿನನ್, ರೇಯಾನ್ ಮೂರೂ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಳಿಗೆಯಾಗುತ್ತದೆ. ರೇಯಾನ್ ಮರದ ತಿರುಳಿನಿಂದ ಮಾಡುವ ನಾರು; ನಮ್ಮದೇ ಹಾವೇರಿ ಜಿಲ್ಲೆಯ ಕುಮಾರಪಟ್ಟಣದಲ್ಲಿ ಅದರ ದೊಡ್ಡ ಕಾರ್ಖಾನೆಯಿದೆ. ಮುಟ್ಟಿದರೆ ತಣ್ಣಗೆ, ಇಳಿಬೀಳುವ ರೀತಿ ಚೆಂದ, ಬಣ್ಣ ಹೊಳೆಯುತ್ತದೆ. ಆದರೆ ಒದ್ದೆಯಾದಾಗ ಭಾರವಾಗಿ ಜೋಲುತ್ತದೆ ಮತ್ತು ಅದರ ಶಕ್ತಿ ಅರ್ಧದವರೆಗೂ ಕುಂದುತ್ತದೆ, ಹತ್ತಿಯಾದರೋ ಒದ್ದೆಯಾದಾಗ ಇನ್ನಷ್ಟು ಗಟ್ಟಿ. ಕಲಬುರಗಿಯ ಒಣ ಬಿಸಿಲಿಗೆ ಸಡಿಲವಾದ ರೇಯಾನ್ ಕುರ್ತಾ ನಿಜಕ್ಕೂ ಒಳ್ಳೆಯದು. ಮಂಗಳೂರಿನಲ್ಲಿ ಬೆವರಿ ಒದ್ದೆಯಾಗುವ ದಿನಗಳಿಗೆ ನಾನು ಅದನ್ನು ಹೇಳುವುದಿಲ್ಲ. ತೋಳಿನ ಸಂದಿಯ ಹೊಲಿಗೆ ಮೊದಲು ಕಿತ್ತುಬರುತ್ತದೆ, ಜುಲೈನಲ್ಲಿ ಒಗೆದರೆ ಎರಡು ದಿನವಾದರೂ ಒಣಗುವುದಿಲ್ಲ.

ಇನ್ನು ಬಣ್ಣ. ಕಪ್ಪು ಬಟ್ಟೆ ಬಿಸಿಲಿನಲ್ಲಿ ಹೆಚ್ಚು ಶಾಖ ಹೀರುತ್ತದೆ ಎಂಬುದು ನಿಜ. ಆದರೆ ಆ ಶಾಖ ಚರ್ಮಕ್ಕೆ ಮುಟ್ಟುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮರುಭೂಮಿಯ ಬೆಡೂಯಿನ್ ಜನರ ಕಪ್ಪು ನಿಲುವಂಗಿಯನ್ನು ಪರೀಕ್ಷಿಸಿ 1980ರಲ್ಲಿ ನೇಚರ್ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವು ಕಪ್ಪು ನಿಲುವಂಗಿ ತೊಟ್ಟವರಿಗೂ ಬಿಳಿ ತೊಟ್ಟವರಿಗೂ ಮೈಗೆ ತಗುಲುವ ಶಾಖದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಿತು. ಕಪ್ಪು ಬಟ್ಟೆ ಹೆಚ್ಚುವರಿಯಾಗಿ ಹೀರಿದ ಶಾಖವು ಚರ್ಮವನ್ನು ತಲುಪುವ ಮೊದಲೇ ಹೊರಗೆ ಹೋಗುತ್ತಿತ್ತು. ಆ ನಿಲುವಂಗಿ ಬಹಳ ಸಡಿಲವಾಗಿತ್ತು ಎಂಬುದನ್ನು ಮರೆಯಬಾರದು. ಮೈಗೆ ಬಿಗಿಯಾದ ಕಪ್ಪು ರವಿಕೆಗೆ ಈ ಮಾತು ಸಲ್ಲದು, ಸಡಿಲವಾದ ಕಡುನೀಲಿ ಕುರ್ತಾಕ್ಕೆ ಸಲ್ಲುತ್ತದೆ. ಬಿಳಿ ಬಟ್ಟೆಗೂ ಒಂದು ಕೊರತೆಯಿದೆ: ತೆಳುವಾದ ಬಿಳಿ ಹತ್ತಿಯ ಟೀ-ಶರ್ಟ್ ಅತಿನೇರಳೆ ಕಿರಣದಿಂದ ಕೊಡುವ ರಕ್ಷಣೆ ಯುಪಿಎಫ್ ಅಳತೆಯಲ್ಲಿ 5ರಿಂದ 7ರಷ್ಟು ಮಾತ್ರ, ಒದ್ದೆಯಾದರೆ ಇನ್ನೂ ಕಡಿಮೆ, ಅದೇ ಬಟ್ಟೆಗೆ ಗಾಢ ಬಣ್ಣ ಕಟ್ಟಿದರೆ ರಕ್ಷಣೆ ಹೆಚ್ಚುತ್ತದೆ.

ಕಾಲೇಜಿನಲ್ಲಿ ಇಡೀ ದಿನ ಜನರೆದುರು ನಿಲ್ಲುವ ನಿಮಗೆ ಬಣ್ಣದ ನಿಜವಾದ ಪ್ರಶ್ನೆ ಬೆವರಿನ ಗುರುತಿನದು. ಅದು ಅತಿ ಹೆಚ್ಚು ಕಾಣುವುದು ನಡುವಣ ಛಾಯೆಯ ಬರಿ ಬಣ್ಣಗಳಲ್ಲಿ, ಅಂದರೆ ಬೂದು, ಆಕಾಶನೀಲಿ, ಪಿಸ್ತಾ ಹಸಿರು, ಗುಲಾಬಿಗಳಲ್ಲಿ. ತೀರ ತಿಳಿ ಬಣ್ಣದಲ್ಲೂ ತೀರ ಗಾಢದಲ್ಲೂ ಕಡಿಮೆ. ಸಣ್ಣ ಚೌಕುಳಿ, ಗೀರು, ಅಚ್ಚಿನ ಬಟ್ಟೆಗಳಲ್ಲಿ ಬಹುತೇಕ ಕಾಣುವುದೇ ಇಲ್ಲ. ಬೇಸಿಗೆಗೆಂದು ಹೇಳುವ ತಿಳಿ ಬಣ್ಣದ ಪಟ್ಟಿಯಲ್ಲಿ ಬೆವರನ್ನು ಎತ್ತಿ ತೋರಿಸುವ ಬಣ್ಣಗಳೇ ಹೆಚ್ಚಿರುವುದು ನನಗೆ ಯಾವಾಗಲೂ ಬೇಸರ ತರುವ ಸಂಗತಿ. ರವಿಕೆ ಕಡುನೀಲಿಯದೋ ಸಣ್ಣ ಅಚ್ಚಿನದೋ ಆಗಿರಲಿ, ಸೀರೆ ತಿಳಿಯಾಗಿರಲಿ. ಆದರೆ ಇಂಡಿಗೊ, ಅಜರಖ್, ಕಲಂಕಾರಿಯಂಥ ಬಟ್ಟೆಯ ರವಿಕೆ ಹೊಲಿಸುವ ಮೊದಲು ಒದ್ದೆಯಾದ ಬಿಳಿ ಕರವಸ್ತ್ರದಿಂದ ಚೆನ್ನಾಗಿ ಉಜ್ಜಿ ನೋಡಿರಿ. ಬಣ್ಣ ಹತ್ತಿದರೆ ಬೆವರಿದಾಗ ಸೀರೆಗೂ ಹತ್ತುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುತ್ತಾರೆ. ಬಣ್ಣ ಹಾಕುವ ತೊಟ್ಟಿಯಲ್ಲಿ ಬಣ್ಣವನ್ನು ನೂಲಿಗೆ ಸೆಳೆಯಲು ಉಪ್ಪು ನೆರವಾಗುತ್ತದೆ, ಮನೆಯ ಬಕೆಟ್ಟಿನಲ್ಲಿ ಬಿಡುತ್ತಿರುವ ಬಣ್ಣವನ್ನು ಅದು ಕಟ್ಟಿಹಾಕಲಾರದು.

ಈಗ ಒಳಗಿನ ಬಟ್ಟೆಗೆ ಬರುತ್ತೇನೆ. ಯಾರೂ ಕೇಳದ, ಆದರೆ ಅತಿ ಹೆಚ್ಚು ಸೆಕೆ ಹುಟ್ಟಿಸುವ ಭಾಗ ಇದು. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಕರಾವಳಿಯ ಒಂದು ಸಂಸ್ಥೆಯ ಸಿಬ್ಬಂದಿಗೆ ಒಳ್ಳೆಯ ಕೈಮಗ್ಗದ ಬಟ್ಟೆಯಲ್ಲಿ ರವಿಕೆ ವಿನ್ಯಾಸ ಮಾಡಿ, ಆಕಾರ ನಿಲ್ಲಲೆಂದು ಪಾಲಿಯೆಸ್ಟರ್ ಬೆರೆತ ಅಸ್ತರು ಕೊಡಿಸಿದ್ದೆ. ಒಂದೇ ತಿಂಗಳಲ್ಲಿ ಬಹಳ ಮಂದಿಗೆ ಬೆವರುಸಾಲೆ ಎದ್ದಿತು. ಹೊರಗೆ ಎಷ್ಟೇ ಒಳ್ಳೆಯ ಹತ್ತಿಯಿದ್ದರೂ ಚರ್ಮಕ್ಕೆ ತಾಗುವುದು ಅಸ್ತರು ತಾನೇ? ಆ ಹೆಂಗಸರ ಕುತ್ತಿಗೆ, ಬೆನ್ನು ನೋಡಿದ ದಿನದಿಂದ ನಾನು ಮೊದಲು ಒಳಗಿನ ಬಟ್ಟೆಯನ್ನು ವಿಚಾರಿಸುತ್ತೇನೆ. ದರ್ಜಿಗೆ ಸುಮ್ಮನೆ ‘ಲೈನಿಂಗ್ ಹಾಕಿ’ ಎಂದರೆ ಅಂಗಡಿಯಲ್ಲಿ ಬಣ್ಣ ಹೊಂದಿದ್ದನ್ನು ಹಾಕಿಬಿಡುತ್ತಾರೆ. ನೀವೇ ತೆಳು ಮಲ್ ಬಟ್ಟೆ ಕೊಂಡು, ಒಮ್ಮೆ ನೀರಿಗೆ ಹಾಕಿ ಒಣಗಿಸಿ ಕೊಡಿ. ಹೊರಬಟ್ಟೆ ಪಾರದರ್ಶಕವಲ್ಲದಿದ್ದರೆ ಅಸ್ತರು ಎದೆಯ ಭಾಗಕ್ಕಷ್ಟೇ ಸಾಕು, ಬೆನ್ನಿಗೂ ತೋಳಿಗೂ ಬೇಡ. ತೋಳಿನ ಸಂದಿಯನ್ನು ಅರ್ಧ ಇಂಚು ಇಳಿಸಿ, ತೋಳನ್ನು ಮೊಳಕೈವರೆಗೆ ಸಡಿಲವಾಗಿ ಬಿಡಿಸಿರಿ. ತೋಳಿಲ್ಲದ ರವಿಕೆಯಲ್ಲಿ ಗಾಳಿಯಾಡುತ್ತದೆ, ಆದರೆ ಕಂಕುಳ ಬೆವರನ್ನು ಹೀರಲು ಬಟ್ಟೆಯೇ ಇಲ್ಲದ್ದರಿಂದ ಅದು ಪಕ್ಕೆಗೆ ಇಳಿಯುತ್ತದೆ; ಕೆಲಸದ ದಿನಕ್ಕೆ ಸಡಿಲ ತೋಳೇ ಮೇಲು. ಲಂಗ ತೆಳು ಹತ್ತಿಯದಿರಲಿ, ಸ್ಯಾಟಿನ್ ಬೇಡ. ಮೀನಿನ ಆಕಾರದ ಬಿಗಿ ಶೇಪ್‌ವೇರ್ ಈ ಹವೆಯಲ್ಲಿ ತೊಡೆಸಂದಿಗೆ ಗಾಳಿ ಸಿಗದಂತೆ ಮಾಡಿ ಹುಳುಕಡ್ಡಿಗೆ ಅವಕಾಶ ಕೊಡುತ್ತದೆ. ತುರಿಕೆಯ ಕಲೆ ಎದ್ದಿದ್ದರೆ ಔಷಧದಂಗಡಿಯ ಮುಲಾಮು ಹಚ್ಚುತ್ತಾ ಕೂರದೆ ಚರ್ಮದ ವೈದ್ಯರಿಗೆ ತೋರಿಸಿ. ಸೀರೆಗೆ ಹಚ್ಚುವ ಫಾಲ್ ಸಹ ಹತ್ತಿಯದೇ ಇರಲಿ, ಹಚ್ಚುವ ಮೊದಲು ಅದನ್ನು ಒಗೆದಿರಲಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ ಸೀರೆಯ ಅಂಚು ಸುರುಟಿಕೊಳ್ಳುತ್ತದೆ.

ಇಷ್ಟನ್ನು ಸರಿಪಡಿಸಿಕೊಂಡ ಮೇಲೆ ಹೊಂದಿಸುವುದು ಕಷ್ಟವಲ್ಲ. ಮಂಗಳೂರಿನ ಮಾರ್ಚ್‌ನಿಂದ ಮೇವರೆಗೆ, ಹಾಲುಬಿಳಿ ಅಥವಾ ತಿಳಿಹಳದಿ ಉಡುಪಿ ಸೀರೆಗೆ ಕಡುನೀಲಿ ರವಿಕೆ. ಮಾವಿನೆಲೆ ಹಸಿರು ಮಲ್ ಸೀರೆಗೆ ಕೆಂಪು ಚುಕ್ಕೆಯ ಅಚ್ಚಿನ ರವಿಕೆ. ಎರಡೇ ರವಿಕೆಗಳು ನಾಲ್ಕು ಸೀರೆಗೆ ಒದಗುವಂತೆ ಬಣ್ಣ ಆರಿಸಿದರೆ ನಿಮ್ಮ ಹಣವೂ ಉಳಿಯುತ್ತದೆ. ಸೀರೆ ಉಡದ ದಿನ ಕಪ್ಪು ಚೌಕುಳಿಯ ತೆಳು ಹತ್ತಿ ಕುರ್ತಾ, ಪಕ್ಕದ ಸೀಳು ಸ್ವಲ್ಪ ಮೇಲಿನಿಂದಲೇ ಶುರುವಾಗುವಂಥದ್ದು, ಅದರ ಕೆಳಗೆ ಅಗಲ ಕಾಲಿನ ಬಿಳಿ ಪ್ಯಾಂಟು ಒಪ್ಪುತ್ತದೆ. ಲೆಗಿಂಗ್ಸ್ ಮಾತ್ರ ಬೇಡ. ಮೇ ರಜೆಯಲ್ಲಿ ಊರಿಗೆ ಹೋದಾಗ ಇಲ್ಲಿ ಭಾರವೆನಿಸಿದ ಸೀರೆಗಳೇ ನಿಮ್ಮ ಸಂಪತ್ತು. ಹತ್ತಿ ಮೈಯ ಇಳಕಲ್ ಸೀರೆ, ಗಂಜಿ ಹಾಕಿದ ಖಾದಿ, ಪೂರ್ಣ ತೋಳಿನ ಸಡಿಲ ಕುರ್ತಾ, ತಲೆ ಕುತ್ತಿಗೆ ಮುಚ್ಚುವಷ್ಟು ದೊಡ್ಡ ಹತ್ತಿ ದುಪಟ್ಟಾ ಅಲ್ಲಿಗೆ ಸರಿ.

ಮಳೆ ತಗ್ಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ಗಳು ಬೇರೆಯೇ ಲೆಕ್ಕ. ಮಂಗಳೂರಿನಲ್ಲಿ ಬೆಳಿಗ್ಗೆ ಬಿಸಿಲು, ಸಂಜೆ ಮಳೆ, ನೆಲ ಇನ್ನೂ ಒದ್ದೆ. ಕಲಬುರಗಿಯಲ್ಲಾದರೆ ಸೆಪ್ಟೆಂಬರೇ ಅತಿ ಹೆಚ್ಚು ಮಳೆಯ ತಿಂಗಳು, ಅಕ್ಟೋಬರಿನ ಮುಂಜಾವು ತಂಪಾಗತೊಡಗುತ್ತದೆ. ಈ ಕಾಲಕ್ಕೆ ಹೊಸ ಬಟ್ಟೆಗಿಂತ ಒಂದು ಮೇಲುಪದರ ಹೆಚ್ಚು ಉಪಯುಕ್ತ: ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ತೋಳಿಲ್ಲದ ಸಣ್ಣ ಜಾಕೆಟ್. ಬೇಸಿಗೆಯಲ್ಲಿ ತೊಟ್ಟ ಅದೇ ಬಿಳಿ ಕುರ್ತಾದ ಮೇಲೆ ಅದನ್ನು ಹಾಕಿಕೊಂಡರೆ ಉಡುಪಿನ ಚಹರೆಯೇ ಬದಲಾಗುತ್ತದೆ, ಸೆಕೆಯಾದರೆ ತೆಗೆದಿಡಬಹುದು. ಮಳೆ ತೊಳೆದ ಬೆಳಕಿನಲ್ಲಿ ದಾಳಿಂಬೆ ಕೆಂಪು, ಅರಿಶಿನ, ನವಿಲುಗರಿಯ ಹಸಿರು ಕಣ್ಣಿಗೆ ಕುಕ್ಕದೆ ತುಂಬಿಕೊಂಡು ಕಾಣುತ್ತವೆ. ನಿಮ್ಮ ಇಳಕಲ್ ಸೀರೆಗಳನ್ನು ಮಂಗಳೂರಿಗೆ ತರಬೇಕಾದ ಕಾಲ ಇದು. ಸೀರೆಯ ಉದ್ದವನ್ನು ನೆಲದಿಂದ ಒಂದು ಇಂಚು ಮೇಲಕ್ಕೆ ಉಡಿ, ಅಂಚು ಕೆಸರಿಗೆ ಸಿಗದು.

ನವರಾತ್ರಿಗೆ ದಿನಕ್ಕೊಂದು ಬಣ್ಣ ಉಡುವ ರೂಢಿ ಕಾಲೇಜು, ಕಚೇರಿಗಳಲ್ಲಿ ಈಚೆಗೆ ಬೆಳೆದದ್ದು. ನವರಾತ್ರಿ ವಾರದ ಯಾವ ದಿನ ಶುರುವಾಗುತ್ತದೆ ಎಂಬುದರ ಮೇಲೆ ಬಣ್ಣದ ಸಾಲು ವರ್ಷ ವರ್ಷಕ್ಕೆ ಬದಲಾಗುತ್ತದೆ. ಅದಕ್ಕಾಗಿ ಒಂಬತ್ತು ಸೀರೆ ಕೊಳ್ಳಬೇಡಿ. ತಿಳಿ ಬಣ್ಣದ ಎರಡು ಸೀರೆಗಳಿಗೆ ಆಯಾ ದಿನದ ಬಣ್ಣವನ್ನು ರವಿಕೆಯಲ್ಲೋ ಬಳೆಯಲ್ಲೋ ದುಪಟ್ಟಾದಲ್ಲೋ ತಂದರೆ ಸಾಕು. ಹಬ್ಬದ ದಿನಕ್ಕೆ ರೇಷ್ಮೆಯೇ ಬೇಕೆನಿಸಿದರೆ ದಪ್ಪ ಜರಿಯ ಭಾರದ ಸೀರೆಯನ್ನು ಕಲಬುರಗಿಯಲ್ಲಿ ಉಡಿ. ಮಂಗಳೂರಿನ ಜನಜಂಗುಳಿಯ ದಸರಾ ಸಂಜೆಗೆ ಮೈಸೂರು ಕ್ರೇಪ್ ರೇಷ್ಮೆ ಒಳ್ಳೆಯದು. 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಲ್ಲಿ ಇಂದಿಗೂ ನೇಯುವ ಈ ಬಟ್ಟೆಯ ನೂಲಿಗೆ ಹೆಚ್ಚು ಹುರಿ ಕೊಟ್ಟಿರುವುದರಿಂದ ಅದು ಮುದುಡುವುದಿಲ್ಲ, ಮೈಗೆ ಪೂರ್ತಿ ಅಂಟುವುದೂ ಇಲ್ಲ. ಅದೇ ಹುರಿಯಿಂದಾಗಿ ನೀರಿಗೆ ಹಾಕಿದರೆ ಕುಗ್ಗುತ್ತದೆ, ಆದ್ದರಿಂದ ಡ್ರೈವಾಷ್‌ಗೇ ಕೊಡಿ.

ಉಟ್ಟ ರೇಷ್ಮೆಯನ್ನು ಆ ರಾತ್ರಿಯೇ ಮಡಿಸಿಡಬೇಡಿ. ಬೆವರಿನ ತೇವ ಜರಿಯನ್ನು ಕಪ್ಪಾಗಿಸುತ್ತದೆ, ಮಡಿಕೆಯಲ್ಲಿ ಬೂಷ್ಟು ಕಟ್ಟುತ್ತದೆ. ಒಂದು ರಾತ್ರಿ ಫ್ಯಾನಿನ ಗಾಳಿಗೆ ಹರವಿ, ಮರುದಿನ ನೆರಳಿನಲ್ಲಿ ಒಂದೆರಡು ಗಂಟೆ ಬಿಟ್ಟು, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆ ಜರಿಗೆ ತಾಗದಿರಲಿ. ಈ ವರ್ಷಕ್ಕೆ ನಿಮ್ಮ ಹಣ ಹೋಗಬೇಕಾದದ್ದು ಒಂದು ಉಡುಪಿ ಸೀರೆ, ಎರಡು ರವಿಕೆ, ಒಂದು ಖಣದ ಜಾಕೆಟ್ ಇವಿಷ್ಟಕ್ಕೆ. ಹೊಸ ರವಿಕೆ ಹೊಲಿಸುವ ಮುನ್ನ ಹಳೆಯ ರವಿಕೆಗಳಲ್ಲಿ ಒಂದರ ಅಸ್ತರು ಬಿಚ್ಚಿಸಿ, ಗಂಜಿ ಬಿಡಿಸಿದ ಸೀರೆಯೊಂದಿಗೆ ಒಂದು ದಿನ ಉಟ್ಟು ನೋಡಿ; ಹೊಸ ರವಿಕೆಯ ಅಳತೆಯಲ್ಲಿ ಏನು ಬದಲಿಸಬೇಕು ಎಂಬುದು ಆ ಒಂದು ದಿನದಲ್ಲೇ ನಿಮಗೆ ತಿಳಿಯುತ್ತದೆ.